ಅರವತ್ತು ಗ್ರಾಮಿನ ಮೇಲೊಂದು ಕೊಸರು

ಸುಮಿತ್ರಾಬಾಯಿಗೆ ಬರೀ ಅಳತೆ ಅಂದರೆ ಆಗಿಬರುತ್ತಿರಲಿಲ್ಲ. ಆಳಂದದ ಪೇಟೆಯಲ್ಲಿ ಇಪ್ಪತ್ತೆಂಟು ವರ್ಷ ಕುಸುಬಿ ಎಣ್ಣೆ, ಶೇಂಗಾ ಎಣ್ಣೆ ಅಳೆದು ಕೊಟ್ಟ ಕೈ ಅದು. ಲೀಟರು ತುಂಬಿ ಗಿರಾಕಿಯ ಡಬ್ಬಿಗೆ ಸುರಿದ ಮೇಲೆ ಆ ಕೈ ತಾನಾಗಿಯೇ ಮತ್ತೊಮ್ಮೆ ಇಳಿದು, ಇನ್ನೊಂದಿಷ್ಟು ಎಣ್ಣೆ ಎತ್ತಿ ಮೇಲೆ ಹಾಕುತ್ತಿತ್ತು. ಅದು ಕೊಸರು. ಅದನ್ನು ಹಾಕದೆ ಯಾರನ್ನಾದರೂ ಕಳಿಸಿದರೆ ಅವಳಿಗೆ ಅವತ್ತಿನ ಊಟ ಸೇರುತ್ತಿರಲಿಲ್ಲ. ಹಿರೋಳ್ಳಿಯಿಂದ, ಜಿಡಗಾದಿಂದ ಬಂದು ಬಸ್ಸಿಳಿದವರು ನಾಲ್ಕು ಅಂಗಡಿ ದಾಟಿಕೊಂಡು ಇವಳ ಕಟ್ಟೆಗೇ ಬರುತ್ತಿದ್ದರು. ಸುಮಿತ್ರಾಬಾಯಿಯ ಅಳತೆಯಲ್ಲಿ ಮೋಸವಿಲ್ಲ ಎಂದು ಪೇಟೆಯೆಲ್ಲ ಆಡಿಕೊಳ್ಳುವುದು ಅವಳ ಕಿವಿಗೂ ಬಿದ್ದಿತ್ತು. ಅಂಥ ಮಾತು ಒಮ್ಮೆ ಕಿವಿಗೆ ಬಿದ್ದರೆ ಯಾರು ತಾನೇ ಮರೆತಾರು?

ಈಗ ಆ ಅಂಗಡಿಯನ್ನು ಬಾಡಿಗೆಗೆ ಕೊಟ್ಟಾಗಿದೆ, ಅಲ್ಲಿ ಮೊಬೈಲ್ ಕವರು ಮಾರುತ್ತಾರೆ. ಮನೆಯಲ್ಲಿ ಸೊಸೆ ಸುನಿತಾ ಸುವಾಸನೆಯ ಮೇಣಬತ್ತಿ ಮಾಡುತ್ತಾಳೆ. ಮೇಣ ಕರಗಿಸಿ, ಅದಕ್ಕೆ ಸುಗಂಧದ ಎಣ್ಣೆ ಬೆರೆಸಿ, ಬತ್ತಿ ನಿಲ್ಲಿಸಿದ ಗಾಜಿನ ಗ್ಲಾಸಿಗೆ ಹೊಯ್ಯುವ ಕೆಲಸ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ನಲವತ್ತಮೂರು ಹೆಣ್ಣುಮಕ್ಕಳು ಒಂದೇ ತರಬೇತಿಯಲ್ಲಿ ಇದನ್ನು ಕಲಿತು ವಾಟ್ಸಾಪಿನಲ್ಲಿ ಗುಂಪು ಕಟ್ಟಿಕೊಂಡಿದ್ದರು. ಎಣ್ಣೆ ಮಾತ್ರ ಎಲ್ಲರೂ ತರುತ್ತಿದ್ದದ್ದು ಒಬ್ಬರ ಹತ್ತಿರವೇ, ಆಳಂದದ ದರ್ಗಾದ ದಾರಿಯಲ್ಲಿ ಅತ್ತರು ಮಾರುವ ಮುಸ್ತಕೀಮ ಸಾಹೇಬರ ಹತ್ತಿರ.

ಅಫಜಲಪುರದ ಒಂದು ಮದುವೆಯವರು, ಬಂದ ಬೀಗರಿಗೆ ಕೊಡಲಿಕ್ಕೆಂದು ಮಲ್ಲಿಗೆ ವಾಸನೆಯ ಐವತ್ತು ಗ್ಲಾಸು ಹೇಳಿದರು. ಅಷ್ಟು ದೊಡ್ಡ ಕೆಲಸ ಸುನಿತಾಳಿಗೆ ಅದೇ ಮೊದಲು. ಕೈ ಸಾಲದೆ ಅತ್ತೆಯನ್ನು ಕರೆದಳು.

"ಅತ್ತಿ, ಎಣ್ಣಿ ಅಳಿಯೋದು ನೀವು ನೋಡ್ಕೋರಿ. ಒಂದು ಕಿಲೋ ಮೇಣಕ್ಕ ಅರವತ್ತು ಗ್ರಾಮ್. ಈ ಕಾಟಾದ ಮ್ಯಾಲ ಪಾತ್ರಿ ಇಟ್ಟು ಹುಯ್ರಿ. ಅರವತ್ತು ಕಂಡಕೂಡ್ಲೆ ನಿಲ್ಲಸ್ರಿ."

"ಎಣ್ಣಿ ಅಳಿಯೋದು ನನಗ ಕಲಸ್ತೀಯೇನಬೇ?" ಎಂದು ಸುಮಿತ್ರಾಬಾಯಿ ಸೆರಗು ಸಿಕ್ಕಿಸಿಕೊಂಡು ಕೂತಳು. ಹೇಳಬೇಕೆಂದರೆ ಅವತ್ತು ಅವಳಿಗೆ ಎಲ್ಲಿಲ್ಲದ ಹುರುಪು.

ತೂಕದ ಕಾಟಾದಲ್ಲಿ ಅರವತ್ತು ಕಂಡಿತು. ಅವಳ ಮಣಿಕಟ್ಟು ನಿಲ್ಲಲಿಲ್ಲ. ಮದುವೆಯ ಕೆಲಸ, ಹೆಣ್ಣಿನ ಕಡೆಯವರು, ಅವರಿಗೆ ಬರೀ ಅರವತ್ತು ಕೊಟ್ಟರೆ ಮುಖ ತೋರಿಸುವುದು ಹೇಗೆ? ಇನ್ನೊಂದು ಧಾರೆ ಬಿತ್ತು. ಎಪ್ಪತ್ತೈದು. ಸುನಿತಾ ಒಲೆಯ ಹತ್ತಿರ ಮೇಣದ ಬಿಸಿ ನೋಡುತ್ತಿದ್ದಳು, ಈ ಕಡೆ ತಿರುಗಲಿಲ್ಲ. ಹತ್ತು ಕಿಲೋ ಮೇಣಕ್ಕೆ ಸುಮಿತ್ರಾಬಾಯಿ ಹತ್ತು ಸಲ ಅಳೆದಳು. ಹತ್ತು ಸಲವೂ ಹೀಗೇ.

ಒಂದು ವಾರ ಬಿಟ್ಟು ಸುನಿತಾ ಒಂದು ಗ್ಲಾಸು ಹಚ್ಚಿ ನೋಡಿದಳು. ಮೇಣದ ಮೇಲೆಲ್ಲ ಎಣ್ಣೆ ಬೆವರಿನ ಹನಿಯಂತೆ ಎದ್ದು ನಿಂತಿತ್ತು. ಬತ್ತಿ ಹೊತ್ತಿಕೊಂಡು ಒಂದಿಷ್ಟು ಕರಿ ಹೊಗೆ ಬಿಟ್ಟು, ಆ ಎಣ್ಣೆಯಲ್ಲೇ ಮುಳುಗಿ ಆರಿಹೋಯಿತು. ಇನ್ನೊಂದು ಹಚ್ಚಿದಳು. ಅದೂ ಅಷ್ಟೇ. ಐವತ್ತರಲ್ಲಿ ಒಂದೂ ಕೆಲಸಕ್ಕೆ ಬರುವಂತಿರಲಿಲ್ಲ.

"ಎಣ್ಣಿ ಹೆಚ್ಚಾದ್ರ ಹಿಂಗ ಆಗ್ತದ, ಇಲ್ಲಾ ಬೆರಕಿ ಎಣ್ಣಿ ಇದ್ರ ಆಗ್ತದ" ಎಂದಳು ಸುನಿತಾ. ಕಣ್ಣಲ್ಲಿ ನೀರು ತುಂಬಿತ್ತು. "ಹೆಚ್ಚಾಗಾಕ ಸಾಧ್ಯನ ಇಲ್ಲ. ಅಳದಾಕಿ ನಮ್ಮತ್ತಿ. ಇದು ಮುಸ್ತಕೀಮ ಸಾಹೇಬರ ಖೋಟಾ ಮಾಲು."

ಸುಮಿತ್ರಾಬಾಯಿಗೆ ತಾನು ಹಾಕಿದ ಕೊಸರು ನೆನಪಾಯಿತು. ಆಗಲೇ ಹೇಳಬೇಕಿತ್ತು. ಬಾಯಿ ತೆರೆದಳು ಕೂಡ. ಆದರೆ 'ಅಳದಾಕಿ ನಮ್ಮತ್ತಿ' ಅನ್ನುವ ಆ ಮಾತು ನಾಲಿಗೆಯನ್ನು ಕಟ್ಟಿಹಾಕಿತು. ಹದಿನೈದು ಗ್ರಾಮು ಎಣ್ಣೆ, ಅದೂ ಒಳ್ಳೆಯ ಮನಸ್ಸಿನಿಂದ ಹಾಕಿದ್ದು, ಅಷ್ಟಕ್ಕೆ ಇಷ್ಟೊಂದು ಕೆಡುತ್ತದೆಯೇ ಎಂದು ತನಗೆ ತಾನೇ ಹೇಳಿಕೊಂಡಳು. ಅಷ್ಟರಲ್ಲಿ ಸುನಿತಾಳ ಬೆರಳು ಫೋನಿನ ಮೇಲೆ ಓಡಿಬಿಟ್ಟಿತ್ತು. ಮುಸ್ತಕೀಮ ಸಾಹೇಬರ ಎಣ್ಣೆ ಬೆರಕೆ, ಯಾರೂ ತರಬೇಡಿ, ಎಂದು ಗುಂಪಿಗೆಲ್ಲ ಹೋಯಿತು.

ಉತ್ತರಗಳು ಬರತೊಡಗಿದವು. ಹೋದ ತಿಂಗಳು ತನ್ನ ಬತ್ತಿಯೂ ಹೊಗೆಯಾಡಿತ್ತು ಎಂದಳು ಜೇವರ್ಗಿಯವಳು. ಮಣ್ಣೂರಿನವಳು ನಾಳೆಯೇ ಡಬ್ಬಿ ವಾಪಸು ಕೊಡುತ್ತೇನೆಂದಳು. ಒಬ್ಬರ ಮೇಲೆ ತಪ್ಪು ಹೊರಿಸಿದರೆ ಸಾಕು, ಎಲ್ಲರ ಹಳೇ ಹೊಗೆಯೂ ಅವರ ತಲೆಗೇ. ಸುನಿತಾ ಒಂದೊಂದನ್ನೂ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಸುಮಿತ್ರಾಬಾಯಿ ಜೋಳ ಹಸನು ಮಾಡುತ್ತ ಕೂತಳು.

ಮರುದಿನ ಮಧ್ಯಾಹ್ನ, ಸುದ್ದಿ ಕಿವಿಗೆ ಬಿದ್ದು ಮುಸ್ತಕೀಮ ಸಾಹೇಬರು ತಾವೇ ಬಂದರು. ಎಪ್ಪತ್ತರ ಹತ್ತಿರದ ಮನುಷ್ಯ, ಬಿಸಿಲಿಗೆ ಮುಖ ಕೆಂಪಾಗಿತ್ತು. ಜಗಳಕ್ಕೆ ಬಂದರೇನೋ ಎಂದು ಸುನಿತಾ ಸೊಂಟ ಕಟ್ಟಿ ನಿಂತಳು. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಅವರು ಚೀಲದಿಂದ ಹೊಸದೊಂದು ತಗಡಿನ ಡಬ್ಬಿ ತೆಗೆದು ಹೊಸ್ತಿಲ ಮೇಲಿಟ್ಟರು.

"ಬಾಯಿಯವರ, ನಲವತ್ತು ವರ್ಷದಾಗ ಈ ಮಾತು ಕೇಳಿದ್ದಿಲ್ರಿ. ರಾತ್ರಿ ಕುಂತು ವಿಚಾರ ಮಾಡಿದೆ. ಕಣ್ಣು ಮಂಜಾಗ್ಯಾವ. ಡಬ್ಬಿ ತುಂಬೋ ಮುಂದ ನನ್ನ ಕೈಯಾಗ ಏನೋ ಅದಲಬದಲ ಆಗಿರಬೇಕು. ಬೇಕಂತ ಮಾಡಿಲ್ರಿ, ಖುದಾ ಕಸಮ್. ಈ ಡಬ್ಬಿ ಇಟ್ಕೋರಿ. ಇನ್ನೊಬ್ಬರಿಗೆ ಹಿಂಗ ಆಗಬಾರದು, ಇವತ್ತಿಂದ ದುಕಾನ ಬಂದ್ ಮಾಡ್ತೇನಿ."

ಚೊಕ್ಕ ಮಾಲು ಮಾರಿದ ಮನುಷ್ಯ ತನ್ನ ಕಣ್ಣನ್ನೇ ನಂಬದಂತಾಗಿದ್ದ. ಅದನ್ನು ನೋಡಿ ಸುಮಿತ್ರಾಬಾಯಿ ಹೊಸ್ತಿಲ ಹತ್ತಿರ ಬಂದಳು. ಎಂದೂ ಯಾರಿಗೂ ಮೋಸ ಮಾಡಿಲ್ಲ ಎನ್ನುತ್ತಿದ್ದವಳು ತಾನು. ಇದು ಮತ್ತೇನು?

"ಸಾಹೇಬ್ರ, ಆ ಡಬ್ಬಿ ಎತ್ಕೋರಿ" ಎಂದಳು. "ನಿಮ್ಮ ಮಾಲಿನ್ಯಾಗ ಖೋಟಾ ಏನೂ ಇಲ್ಲ. ಅರವತ್ತು ಹಾಕ್ರಿ ಅಂತ ಇಕಿ ಹೇಳಿದ್ಲು. ನಾ ಮ್ಯಾಲ ಕೊಸರು ಹಾಕಿದೆ. ಹತ್ತೂ ಸಲ."

ಸುನಿತಾ ತಿರುಗಿ ನೋಡಿದಳು. "ಎಷ್ಟ್ ಹಾಕಿದ್ರಿ?"

"ಹದಿನೈದು. ಒಂದೆರಡು ಸಲ ಇಪ್ಪತ್ತೂ ಆಗಿರಬೇಕು."

"ನಿನ್ನೇನ ಯಾಕ ಹೇಳಲಿಲ್ರಿ, ಅತ್ತಿ?"

"ಹೇಳಾಕ ಆಗಲಿಲ್ಲ. ನೀ ನನ್ನ ಅಳತಿ ಮ್ಯಾಲ ಅಷ್ಟು ಭರೋಸಾ ಇಟ್ಟು ಮಾತಾಡಿದಿ. ಅದನ್ನ ಕಳಕೋಳಾಕ ಮನಸ್ಸು ಬರಲಿಲ್ಲ."

ಮುಸ್ತಕೀಮ ಸಾಹೇಬರು ಬೈಯಲಿಲ್ಲ. ಕಟ್ಟೆಯ ಮೇಲೆ ಮೆಲ್ಲಗೆ ಕೂತು, ಎರಡೂ ಅಂಗೈಯಿಂದ ಕಣ್ಣೊರೆಸಿಕೊಂಡರು. "ಹಂಗಾದ್ರ ನನ್ನ ಕಣ್ಣು ಬರೋಬ್ಬರಿ ಅದಾವ" ಎಂದರು. ಮುದುಕನ ಮುಖದಲ್ಲಿ ಸಂತೋಷವಿತ್ತು. ಅದನ್ನು ನೋಡುವುದು ಸುಮಿತ್ರಾಬಾಯಿಗೆ ಬೈಗಳಕ್ಕಿಂತ ಕಷ್ಟವಾಯಿತು. ಕುಡಿಯಲಿಕ್ಕೆ ನೀರು ತಂದುಕೊಟ್ಟಳು.

ಸುನಿತಾ ಫೋನು ತೆಗೆದು ಬರೆದಳು, ಬರೆದದ್ದನ್ನು ಓದಿದಳು. ಎಣ್ಣೆ ಬೆರಕೆಯಲ್ಲ, ನಮ್ಮಲ್ಲೇ ಅಳತೆ ಹೆಚ್ಚಾಗಿತ್ತು, ಕ್ಷಮಿಸಿ.

"ನಮ್ಮಲ್ಲಿ ಅಂದ್ರ ಯಾರಲ್ಲಿ?" ಎಂದಳು ಸುಮಿತ್ರಾಬಾಯಿ. "ನಿನ್ನೆ ಅವರ ಹೆಸರು ಹಾಕಿದ್ದಿ. ಇವತ್ತು ನನ್ನ ಹೆಸರು ಹಾಕು."

"ಬ್ಯಾಡ್ರಿ ಅತ್ತಿ. ಇಷ್ಟ ಸಾಕು, ಯಾರೂ ಏನೂ ಕೇಳಾಂಗಿಲ್ಲ. ಆ ಗುಂಪಿನ್ಯಾಗ ನಿಮ್ಮ ಹಳೇ ಗಿರಾಕಿಗಳ ಸೊಸೆಯಂದಿರು ಅದಾರ. ಮನಿಮನಿಗೆ ಗೊತ್ತಾಗ್ತದ್ರಿ."

"ಸಾಹೇಬರದು ಮನಿಮನಿಗೆ ಹೋಗಿಲ್ಲೇನು? ಕೊಡಿಲ್ಲೆ. ಬರದದ್ದು ಬ್ಯಾಡ, ನನ್ನ ದನಿಯಾಗ ಹೋಗಲಿ."

ಸುನಿತಾ ಒಲ್ಲದ ಮನಸ್ಸಿನಿಂದ ದನಿ ಹಿಡಿಯುವ ಗುಂಡಿ ಒತ್ತಿ ಫೋನನ್ನು ಅತ್ತೆಯ ಬಾಯಿಯ ಹತ್ತಿರ ಹಿಡಿದಳು. ಸುಮಿತ್ರಾಬಾಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಎದುರಿಗೆ ಜನ ನಿಂತಿದ್ದಾರೇನೋ ಅನ್ನುವಂತೆ ನೆಟ್ಟಗೆ ಕೂತಳು.

"ನಾ ಆಳಂದದ ಎಣ್ಣಿ ಅಂಗಡಿ ಸುಮಿತ್ರಾಬಾಯಿ ಮಾತಾಡಾಕತ್ತೇನಿ. ಮುಸ್ತಕೀಮ ಸಾಹೇಬರ ಎಣ್ಣಿ ಚೊಕ್ಕ ಅದ. ಅಳತಿ ತಪ್ಪಿದ್ದು ನಂದು. ತಪ್ಪಿದ್ದು ಗೊತ್ತಿದ್ದೂ ಒಂದು ದಿನ ಸುಮ್ಮ ಕುಂತಿದ್ದೆ."

ಸುನಿತಾ ದನಿ ಹಿಡಿಯುವುದನ್ನು ನಿಲ್ಲಿಸಿದಳು.

"ಆ ಕಡೀ ಮಾತು ಬಿಟ್ಟು ಇನ್ನೊಮ್ಮೆ ಹೇಳ್ತೀರೇನ್ರಿ?" ಎಂದು ಮೆಲ್ಲಗೆ ಕೇಳಿದಳು.

ಸುಮಿತ್ರಾಬಾಯಿ ಕಟ್ಟೆಯ ಮೇಲೆ ನೀರು ಕುಡಿಯುತ್ತಿದ್ದ ಮುದುಕನ ಕಡೆ ನೋಡಿದಳು.

"ಬ್ಯಾಡ, ಇದ್ದಂಗ ಕಳಸು" ಎಂದಳು.