ಗೋಡೆಯ ಮೇಲಿನ ಹನುಮಕ್ಕ

ಕೆಂಡದ ಮಡಕೆ ಹಿಡಿದು ಚಟ್ಟದ ಮುಂದೆ ನಡೆಯುತ್ತಿದ್ದ ರವಿಕುಮಾರ್, ಚಾಮರಾಜಪೇಟೆಯ ಅಡ್ಡರಸ್ತೆಗೆ ಸರಕ್ಕನೆ ತಿರುಗಿಕೊಂಡ. ತುಸು ದೂರ ಹೋಗಿ ನೋಡಿದರೆ ತಮಟೆಯ ಸದ್ದು ಹಿಂದೆಯೇ ಉಳಿದಿತ್ತು. ಅವನ ತಾಯಿ ಹನುಮಕ್ಕನನ್ನು ಹೊತ್ತವರು ತಿರುವಿನಲ್ಲಿ ನಿಂತುಬಿಟ್ಟಿದ್ದರು.

"ಈ ಕಡೆ ಬನ್ನಿ, ಹತ್ರ ಆಗತ್ತೆ."

ಮುನಿರತ್ನಮ್ಮ ಅವನ ಬಳಿಗೆ ಬಂದಳು. ಹನುಮಕ್ಕನ ಜೊತೆ ಬೀದಿ ಗುಡಿಸಿ ಮುದುಕಿಯಾದವಳು. "ಅವ್ಳು ಗುಡಿಸಿದ ರಸ್ತೆ ಅದು ಕಣಪ್ಪ. ಅಲ್ಲೇ ಹೋಗ್ಬೇಕು."

ರವಿಕುಮಾರ್ ಮೆರವಣಿಗೆಯ ಬಾಲದತ್ತ ನೋಡಿದ. ಅವನಿಗೆ ಮಗಳನ್ನು ಕೊಡಲು ಒಪ್ಪಿದ್ದ ನಂಜುಂಡಯ್ಯ ಅಲ್ಲಿದ್ದರು. ತಾಯಿ ಪಾಲಿಕೆ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದಳೆಂದು ಅವರನ್ನು ನಂಬಿಸಿದ್ದ. ಬೆಳಿಗ್ಗೆ ಬಂದ ಪೌರಕಾರ್ಮಿಕರನ್ನೆಲ್ಲ ಅಕ್ಕಪಕ್ಕದ ಮನೆಯವರೆಂದಿದ್ದ.

ಚಟ್ಟ ನೇರ ರಸ್ತೆಯಲ್ಲೇ ಸಾಗಿತು. ಅವನು ಓಡಿ ಬಂದು ಮತ್ತೆ ಮುಂದೆ ನಿಲ್ಲಬೇಕಾಯಿತು.

*

ತಾನು ಗುಡಿಸುವ ರಸ್ತೆಯ ಗೋಡೆಯ ಮೇಲೆ ಕಲಾವಿದರು ತನ್ನ ಚಿತ್ರ ಬರೆದು ಮುಗಿಸಿದ ದಿನ ಹನುಮಕ್ಕ ಓಕಳಿಪುರದ ಮನೆಗೆ ಏದುಸಿರು ಬಿಡುತ್ತ ಬಂದಿದ್ದಳು.

"ಮೂರಂತಸ್ತು ಎತ್ತರ ಇದೀನಿ ಕಣೋ! ಪೊರಕೆನೂ ಬರ್ದವ್ರೆ. ಬಾ, ತೋರಿಸ್ತೀನಿ."

ಬೂಟಿಗೆ ಪಾಲಿಶ್ ಹಾಕುತ್ತಿದ್ದ ಅವನು ತಲೆಯೆತ್ತಲಿಲ್ಲ. "ಅದು ನೀನೇ ಅಂತ ಯಾರಿಗೂ ಹೇಳ್ಬೇಡಮ್ಮ. ಮದ್ವೆ ಮಾತು ನಡೀತಿದೆ."

ಮರುದಿನದಿಂದ ಅವಳು ಆ ಗೋಡೆಯ ಕೆಳಗೆ ಗುಡಿಸುವಾಗ, ಧೂಳಿನ ನೆಪ ಹೇಳಿ, ಮೂಗು ಮುಚ್ಚುವಂತೆ ಬಟ್ಟೆ ಕಟ್ಟಿಕೊಳ್ಳತೊಡಗಿದಳು. ರವಿಕುಮಾರ್ ಅದನ್ನೊಮ್ಮೆ ಬಸ್ಸಿನ ಕಿಟಕಿಯಿಂದ ಕಂಡಿದ್ದ. ಇಳಿದಿರಲಿಲ್ಲ.

*

ನಡುದಾರಿಯಲ್ಲಿ ಚಟ್ಟ ಇಳಿಸಿ ಹೆಗಲು ಬದಲಿಸುವುದು ವಾಡಿಕೆ. ಮುನಿರತ್ನಮ್ಮ ಗೋಡೆಯ ಬುಡವನ್ನೇ ತೋರಿಸಿದಳು. ಅಲ್ಲಿಯೇ ಇಳಿಸಿದರು.

ಮೇಲೆ ಹನುಮಕ್ಕ ಪೊರಕೆ ಹಿಡಿದು ಬಾಯ್ತುಂಬ ನಗುತ್ತಿದ್ದಳು. ಮೇಲ್ದುಟಿಯ ಪಕ್ಕದ ಮಚ್ಚೆ ತಟ್ಟೆಯಷ್ಟು ದೊಡ್ಡದಾಗಿತ್ತು. ಕೆಳಗೆ, ಅರಿಸಿನ ಬಳಿದ ಮುಖದಲ್ಲಿ ಅದೇ ಮಚ್ಚೆ.

ನಂಜುಂಡಯ್ಯ ಜನರನ್ನು ಸರಿಸಿಕೊಂಡು ಮುಂದೆ ಬಂದರು. ಗೋಡೆಯನ್ನು ದಿಟ್ಟಿಸಿದರು.

"ಯಾರಿದು? ಎಲ್ಲೋ ನೋಡ್ದಂಗಿದೆ."

ಹೊತ್ತವರು ಬೆವರು ಒರೆಸಿಕೊಳ್ಳುವುದನ್ನು ನಿಲ್ಲಿಸಿದರು. ಬಾಯಿ ತೆರೆಯಹೊರಟ ಒಬ್ಬನ ಕೈಯನ್ನು ಮುನಿರತ್ನಮ್ಮ ಅದುಮಿದಳು. ಅವಳ ಕಣ್ಣು ರವಿಕುಮಾರನ ಮೇಲಿತ್ತು.

"ಗೊತ್ತಿಲ್ಲ ಸಾರ್," ಎಂದ ರವಿಕುಮಾರ್. "ಯಾರೋ ಕಸ ಗುಡಿಸೋರು."

ನಂಜುಂಡಯ್ಯನವರ ದೃಷ್ಟಿ ಗೋಡೆಯಿಂದ ಚಟ್ಟದ ಕಡೆಗೆ ಇಳಿಯತೊಡಗಿತು. ರವಿಕುಮಾರ್ ಒಂದು ಕೈಯಲ್ಲಿ ಮಡಕೆ ಹಿಡಿದೇ ಬಗ್ಗಿದ. "ಬಿಸಿಲು," ಎಂದು ಗೊಣಗುತ್ತ, ಎದೆಯ ಮೇಲಿದ್ದ ಬಿಳಿಬಟ್ಟೆಯನ್ನು ತಾಯಿಯ ಮುಖಕ್ಕೆ ಎಳೆದ. ಮಚ್ಚೆ ಮುಚ್ಚಿತು, ಬಾಯಿ ಮುಚ್ಚಿತು. ದಿನವೂ ಅವಳೇ ಕಟ್ಟಿಕೊಳ್ಳುತ್ತಿದ್ದ ಹಾಗೆ ಬಟ್ಟೆ ಮೂಗಿನ ಮೇಲೆ ಬಂದು ನಿಂತಿತು.