ಲೋಟದಣ್ಣನ ಬಿಳಿ ಅಂಗಿ

"ತೋಳೆತ್ತು, ಕಂಕುಳಲ್ಲಿ ಬಿಗಿಯಾಗತ್ತಾ ನೋಡೋಣ," ಎಂದರು ಮ್ಯಾನೇಜರು.

ಮಗ ತೋಳೆತ್ತಿದ. ಅಪ್ಪನ ಬಿಳಿ ಅಂಗಿ ಅವನಿಗೆಂದೇ ಹೊಲಿಸಿದ ಹಾಗಿತ್ತು. ಎರಡು ಮಾರು ಆಚೆ, ಅಂಗಳದಲ್ಲಿ, ಅಪ್ಪ ಚಟ್ಟದ ಮೇಲೆ ಮಲಗಿದ್ದ.

"ಸರಿಯಾಗಿದೆ. ನಾಳೆ ಮೇಲಿನ ಅಧಿಕಾರಿಗಳು ಬರ್ತಾರೆ. ಲೋಟ ಎತ್ತು, ನಗ್ತಾ ಕುಡಿ, ಅಷ್ಟೇ. ನಿಮ್ಮಪ್ಪನ ಜಾಗ ಬೇರೆಯವರ ಪಾಲಾಗೋದು ನನಗಿಷ್ಟ ಇಲ್ಲ ಕಣಪ್ಪ."

"ಆಗಲಿ ಸಾರ್."

ಹೆಣದ ತಲೆಯ ಹತ್ತಿರ ಕೂತಿದ್ದ ತಾಯಿಗೆ ಎಲ್ಲವೂ ಕೇಳಿಸಿತು.

ಊರಿನ ಕೊಳಚೆ ನೀರೆಲ್ಲ ಈ ಮ್ಯಾನೇಜರು ನಡೆಸುವ ಶುದ್ಧೀಕರಣ ಘಟಕಕ್ಕೆ ಹೋಗಿ, ಶುದ್ಧವಾಗಿ, ಹೊಳೆ ಸೇರಬೇಕು. ಶುದ್ಧವಾಗಿದೆಯೆಂದು ನಂಬಿಸಲು, ನೋಡಬಂದವರೆದುರು ಒಂದು ಲೋಟ ಕುಡಿದು ತೋರಿಸುವುದು ಅವಳ ಗಂಡನ ಕೆಲಸ. ಜನ ಅವನನ್ನು ಲೋಟದಣ್ಣ ಎನ್ನುತ್ತಿದ್ದರು.

"ಲೋಟದಣ್ಣ ಮೇಲೂ ಶುರು ಹಚ್ಕೊಂಡಿರ್ತಾನೆ," ಎಂದ ಪಕ್ಕದ ಮನೆಯ ಕ್ಷೌರಿಕ. "'ದೇವರೇ, ನೀನೂ ಒಂದು ಗುಟುಕು ತಗೋ' ಅಂತ."

"ಹೆಣದ ಮುಂದೆ ಸುಮ್ನಿರೋ," ಎಂದು ಗದರಿದ ಅವಳ ಭಾವನಿಗೂ ನಗು ತಡೆಯಲಾಗಲಿಲ್ಲ.

*

ಮೊದಮೊದಲು ಆ ನೀರು ನಿಜವಾಗಿಯೂ ತಿಳಿಯಾಗಿತ್ತು. ಹೊಳೆಗೆ ಮೀನು ಮರಳಿ ಬಂದಿದ್ದವು. ಆಮೇಲೆ, ಕರೆಂಟು ಖರ್ಚಾಗುತ್ತದೆಂದು, ತೊಟ್ಟಿಗಳಿಗೆ ಗಾಳಿ ಊದುವ ಯಂತ್ರಗಳನ್ನು ನಿಲ್ಲಿಸಿದರು. ಯಾರಾದರೂ ಬರುವ ದಿನ ಮಾತ್ರ ಓಡಿಸುತ್ತಿದ್ದರು. ಅಷ್ಟರಿಂದ ನೀರು ಶುದ್ಧವಾಗುತ್ತಿರಲಿಲ್ಲ, ಆದರೂ ಲೋಟ ನಿಲ್ಲಲಿಲ್ಲ. ಅಂಥ ದಿನ ಅವನು ಮನೆಗೆ ಬಂದವನೇ ಬಚ್ಚಲಿಗೆ ಹೋಗಿ, ಗಂಟಲಿಗೆ ಬೆರಳು ಹಾಕಿಕೊಂಡು ಕಕ್ಕುತ್ತಿದ್ದ. ಅವಳು ಅವನ ಹಣೆ ಹಿಡಿದುಕೊಳ್ಳುತ್ತಿದ್ದಳು.

"ಇನ್ನು ಆಗಲ್ಲ ಅಂದುಬಿಡಿ."

"ಯಾಕೆ ಅಂತ ಕೇಳ್ತಾರಲ್ಲೇ. ಇಷ್ಟು ವರ್ಷ ಚಪ್ಪಾಳೆ ಹೊಡೆದೋರಿಗೆ ಏನಂತ ಹೇಳ್ಲಿ? ನೀನೂ ಬಾಯಿ ಬಿಡಬೇಡ. ದೇವರಾಣೆ ಹಾಕು."

ಅವಳು ಆಣೆ ಹಾಕಿದಳು.

*

ಚಟ್ಟ ಬೀದಿಯ ತಿರುವಿಗೆ ಬಂದಾಗ, ಮಗುವನ್ನು ಸೊಂಟದ ಮೇಲಿಟ್ಟುಕೊಂಡ ಹೆಂಗಸೊಬ್ಬಳು ಅಡ್ಡ ಬಂದಳು. ಹೊಳೆಯ ಕೆಳಗಿನ ಕೇರಿಯವಳು.

"ಒಂದ್ಸಲ ಮುಖ ನೋಡ್ಬೇಕಿತ್ತು."

ಅಭಿಮಾನದಿಂದ ಬಂದಿದ್ದಾಳೆಂದು ಚಟ್ಟ ಇಳಿಸಿದರು. ಅವಳು ಬಹಳ ಹೊತ್ತು ನೋಡಿದಳು.

"ಇವರೇ ಕುಡೀತಾರಲ್ಲ ಅಂತ ನಾವೂ ಹೊಳೆ ನೀರು ಕುಡಿದ್ವಿ. ವಾಂತಿಭೇದಿ ಆಗಿ ನನ್ನ ದೊಡ್ಡವಳು ಹೋದಳು. ಈಗ ಇದಕ್ಕೂ ಶುರುವಾಗಿದೆ."

ಮ್ಯಾನೇಜರು ಮಗನ ಬೆನ್ನು ತಟ್ಟಿದರು. ಮಗ ಮುಂದೆ ಬಂದ.

"ನೀರಿಗೇನೂ ಆಗಿಲ್ಲಕ್ಕ. ನಾಳೆ ಬನ್ನಿ, ನಾನೇ ಕುಡಿದು ತೋರಿಸ್ತೀನಿ."

ಧ್ವನಿ ಥೇಟು ಅಪ್ಪನದೇ. ಆಣೆ ಮುರಿದವರಿಗೆ ನರಕವೆಂದು ತಾಯಿ ನಂಬಿದ್ದಳು. ಆದರೂ ಬಾಯಿ ತೆರೆದಳು.

"ಕುಡೀಬೇಡ ಮಗನೇ. ನಿಮ್ಮಪ್ಪ ಪ್ರತಿಸಲ ಮನೆಗೆ ಬಂದು ಕಕ್ತಿದ್ರು. ಅದು ವಿಷ ಅಂತ ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು."

ಕ್ಷೌರಿಕ ಚಟ್ಟ ಮುಟ್ಟಿದ್ದ ಕೈಯನ್ನು ಪಂಚೆಗೆ ಒರೆಸಿಕೊಂಡ. "ನನ್ನ ತಂಗಿ ಮನೆ ಅದೇ ಕೇರೀಲಿದೆ ತಾಯಿ. ಲೋಟದಣ್ಣನೇ ಕುಡೀತಾನೆ, ನೀವೂ ಕುಡೀರಿ ಅಂದೋನು ನಾನೇ." ಅವನು ಹೊರಟ. ಅವನ ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ಹೊರಟರು.

"ಸತ್ತೋನ ಮರ್ಯಾದೆ ಸುಡುಗಾಡು ಸೇರೋವರೆಗಾದ್ರೂ ಉಳಿಸಬಾರದಿತ್ತಾ?" ಎಂದು ಭಾವನೂ ಬೆನ್ನು ತಿರುಗಿಸಿದ.

ಮ್ಯಾನೇಜರು ಹಿಂದೆ ಬರುತ್ತಿದ್ದ ತಮ್ಮ ಕಾರು ಹತ್ತಿದರು.

"ಇವತ್ತೇ ಹೇಳಬೇಕಿತ್ತೇನಮ್ಮಾ?" ಎಂದ ಮಗ. ಕಾರು ಹೊರಟಿದ್ದೇ ತಡ, ಬಿಳಿ ಅಂಗಿಯಲ್ಲೇ ಅದರ ಹಿಂದೆ ಓಡಿದ. "ಸಾರ್, ನಿಲ್ಲಿ ಸಾರ್! ಅಮ್ಮಂಗೆ ತಲೆ ಕೆಟ್ಟಿದೆ! ನಾನು ಬರ್ತೀನಿ ಸಾರ್, ನಾಳೆ ಬರ್ತೀನಿ!"

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಚಟ್ಟದ ಒಂದು ತುದಿಯನ್ನು ಎತ್ತಿದಳು. ಇನ್ನೊಂದು ತುದಿ ನೆಲ ಬಿಡಲಿಲ್ಲ. ಎಳೆದಳು. ಬಿದಿರು ಜಲ್ಲಿಕಲ್ಲಿನ ಮೇಲೆ ಕರಕರನೆ ಉಜ್ಜಿತು. ಕೆಳಕೇರಿಯ ಹೆಂಗಸು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು, ಪಕ್ಕಕ್ಕೆ ಸರಿದು, ದಾರಿ ಬಿಟ್ಟಳು.