ಮೂರನೆಯ ಬಣದ ಕರೆ

ಬೆಂಚಿನ ಕೆಳಗೆ ಯಾರೋ ಪ್ಯಾಸ್ಟಿ ಕಡುಬು ಬೀಳಿಸಿ ತುಳಿದಿದ್ದಾರೆ, ಈರುಳ್ಳಿ, ಮಾಂಸ, ಬೆವರು ಎಲ್ಲ ಸೇರಿದ ವಾಸನೆ, ಹೊರಗೆ ಮಾರ್ಚ್ ಬಂದರೂ ಕರಗದ ಹಿಮ, ಒಳಗೆ ಈ ಜಿಮ್ಮಿನಲ್ಲಿ ಉಸಿರು ಕಟ್ಟುವ ಸೆಕೆ, ರೋಬೋ ಪಂದ್ಯದ ಕೊನೆಯ ಸುತ್ತಿಗೆ ಬಣ ಕಟ್ಟುವ ಎಂಟು ನಾಯಕರ ಸಾಲಿನ ಕೊನೆಯಲ್ಲಿ ನಾನು — ಎಂಟನೆಯ ಸ್ಥಾನ, ಜೊತೆಗಾರರನ್ನು ಕರೆಯುವ ಸರದಿ ಕೊನೆಗೆ, ಆದರೂ ಕರೆಯುವವರು ನಾವೇ, ನಮ್ಮ ಮೇಷ್ಟ್ರು ಹೆಕ್ಕಿನೆನ್ ಬೆಳಗಿನಿಂದ ಅದನ್ನೇ ಜಪಿಸುತ್ತಿದ್ದಾರೆ, ತಲೆ ತಣ್ಣಗಿಟ್ಕೋ ಐಲಿ, ಎಲ್ರೂ ಚೆಂಡು ಹಾಕೋ ರೋಬೋ ಹಿಂದೆ ಬೀಳ್ತಾರೆ, ನಮಗೆ ಬೇಕಿರೋದು ಎದುರಾಳಿಗೆ ಅಡ್ಡ ನಿಲ್ಲೋ ರೋಬೋ. ಅಂಥದ್ದು ಇಲ್ಲಿರುವುದು ಒಂದೇ, ಪಕ್ಕದ ಗಣಿ ಊರಿನವರದು, ಡಬ್ಬದ ಹಾಗಿದೆ, ಅಂಕಗಳ ಪಟ್ಟಿಯಲ್ಲಿ ಇಪ್ಪತ್ತನೆಯದು, ಆದರೆ ಒಮ್ಮೆ ಅಡ್ಡ ನಿಂತರೆ ಯಾರಪ್ಪನಿಗೂ ಜಗ್ಗುವುದಿಲ್ಲ, ಅದು ಬೇರೆ ಯಾರ ಕಣ್ಣಿಗೂ ಬಿದ್ದಿಲ್ಲವೆಂದು ನಾನು ಬೀಗುತ್ತಿದ್ದೆ. ಅವರ ನಾಯಕನಿಗೆ ಜ್ವರ, ಬದಲಿಗೆ ನಿಂತವಳು ಮಾರೆನ್, ತಂಡಕ್ಕೆ ಬಂದು ಇನ್ನೂ ವರ್ಷವಾಗಿಲ್ಲ, ಮಧ್ಯಾಹ್ನ ಊಟ ಮಾಡುತ್ತಾ ನಾನೇ ಅವಳಿಗೆ ಹೇಳಿದ್ದು, ಯಾರು ಕರೆದ್ರೂ ಹೋಗ್ಬೇಡ ಕಣೇ, ನಾನು ಕರೀತೀನಿ, ಅವಳು ನಕ್ಕಳು, ನಮ್ಮನ್ಯಾರು ಕರೀತಾರೆ ಬಿಡು. ಜೂನ್‌ನಲ್ಲಿ ಅವರ ಶಾಲೆ ಮುಚ್ಚುತ್ತದೆ, ಮಕ್ಕಳೆಲ್ಲ ನಮ್ಮ ಶಾಲೆಗೆ ಬರುತ್ತಾರೆ, ಅವರ ತಂಡಕ್ಕೆ ಇದೇ ಕೊನೆಯ ಪಂದ್ಯ, ಅದಕ್ಕೇ ಅಜ್ಜ ಅಜ್ಜಿಯರೂ ಕಿತ್ತಳೆ ಅಂಗಿ ತೊಟ್ಟು ಮೇಲೆ ಗ್ಯಾಲರಿಯಲ್ಲಿ ಕೂತಿದ್ದಾರೆ.

ಮೂರನೆಯ ಬಣದ ಹುಡುಗ ಮೈಕು ಹಿಡಿದು ಮಾರೆನ್ ಊರಿನ ಹೆಸರನ್ನೇ ಹೇಳಿದ, ಅಯ್ಯೋ, ಇವರೂ ನೋಡಿಬಿಟ್ಟಿದ್ದಾರಲ್ಲ, ಕಿತ್ತಳೆ ಅಂಗಿಗಳೆಲ್ಲ ಎದ್ದು ನಿಂತವು, ಮಾರೆನ್ ಮುಂದೆ ಬಂದಳು, ಮೈಕು ತೆಗೆದುಕೊಂಡಳು, ನನ್ನ ಕಡೆ ನೋಡಿದಳು, ನಾನು ಮುಖ ತಿರುಗಿಸಬಹುದಿತ್ತು, ಹೋಗು ಅಂತ ತಲೆಯಾಡಿಸಬಹುದಿತ್ತು, ಆಡಿಸಲಿಲ್ಲ, ನೋಡುತ್ತಲೇ ಇದ್ದೆ — ತುಂಬಾ ಥ್ಯಾಂಕ್ಸ್, ಆದ್ರೆ ನಾವು ಬರಲ್ಲ, ಅಂದಳು. ಖುಷಿಯಾಯಿತು ನನಗೆ, ಸುಳ್ಳೇಕೆ, ಮೊದಲು ಖುಷಿಯೇ ಆಯಿತು, ಹುಡುಗಿ ಮಾತಿಗೆ ನಿಂತಳು, ಇನ್ನು ಆ ರೋಬೋ ನಮ್ಮದೇ ಅಂತ. ಘೋಷಿಸುವವರು ಮೆಲ್ಲಗೆ ಕೇಳಿದರು, ಯೋಚ್ನೆ ಮಾಡಿ ಹೇಳ್ತಿದೀಯಾ ಮರೀ? ಹೂಂ ಅಂದಳು. ಆ ದನಿ ಕೇಳಿದಾಗಲೇ ನನಗೆ ನಿಯಮ ನೆನಪಾದದ್ದು, ಇಲ್ಲ ಎಂದ ತಂಡವನ್ನು ಮತ್ತೆ ಯಾರೂ ಕರೆಯುವಂತಿಲ್ಲ, ಮೊದಲ ಎಂಟರಲ್ಲಿದ್ದವರು ಇಲ್ಲ ಎಂದರೂ ಅವರದೇ ಬಣ ಇರುತ್ತದೆ, ಇಪ್ಪತ್ತನೆಯವರಿಗೆ ಅಲ್ಲಿಗೇ ಮುಗಿಯಿತು, ಮನೆಗೆ ಹೋಗಬೇಕು, ಮೂರು ವರ್ಷದಿಂದ ನನಗೆ ಗೊತ್ತಿರುವ ನಿಯಮ, ಇವತ್ತೂ ಓದಿ ಹೇಳಿದರು, ಆಗ ಅವಳು ರೋಬೋದ ಸರಪಳಿ ಬಿಗಿಯುತ್ತಿದ್ದಳು, ನಾನು ಇಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದೆ, ಕೇಳಿಯೂ ಕೇಳದ ಹಾಗೆ, ನನಗೆ ಗೊತ್ತಿದೆಯಲ್ಲ ಎಂಬ ಕೊಬ್ಬು.

ಮೇಲೆ ಅವರ ಮೇಷ್ಟ್ರು ಎರಡೂ ಕೈ ತಲೆಯ ಮೇಲಿಟ್ಟು ಕೂತುಬಿಟ್ಟರು, ಒಂದು ಅಜ್ಜಿ ಪಕ್ಕದವರನ್ನು ಕೇಳುತ್ತಿದೆ, ಏನಂತೆ, ಏನಾಯ್ತಂತೆ, ಮಾರೆನ್ ಬೆನ್ನು ಅತ್ತ ಇದೆ, ಅವಳಿಗೆ ಕಾಣುವುದು ನಾನೊಬ್ಬಳೇ. ನಾಲ್ಕನೆಯವರು ಕರೆದರು, ಐದು, ಆರು, ಒಬ್ಬೊಬ್ಬರಿಗೂ ಚಪ್ಪಾಳೆ, ಅವಳೂ ತಟ್ಟುತ್ತಾಳೆ, ಏಳನೆಯವರೂ ಆಯಿತು, ಬೇರೆ ಹೆಸರು ಹೇಳಬೇಕು, ಯಾವುದಾದರೂ ಒಂದು ಹೆಸರು, ಮುಂದಿನ ವರ್ಷ ಇವಳು ನಮ್ಮ ತರಗತಿಯಲ್ಲೇ ಕೂರುತ್ತಾಳೆ, ಮೈಕು ಕೈಗೆ ಬಂತು, ಭಾರವಾಗಿದೆ, ಹೇಳಮ್ಮ, ಯಾರನ್ನ ಕರೀತೀಯಾ — ಅವಳು ಸಾಲು ಬಿಟ್ಟು ಆಗಲೇ ಒಂದು ಹೆಜ್ಜೆ ಮುಂದೆ ಬಂದಿದ್ದಾಳೆ, ನನಗೆ ಕೈ ಕೊಡಬೇಕಲ್ಲ ಅಂತ ಗ್ರೀಸು ಮೆತ್ತಿದ ಬಲಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದಾಳೆ, ಹೇಳಮ್ಮ, ನಗುತ್ತಾ ಒರೆಸಿಕೊಳ್ಳುತ್ತಿದ್ದಾಳೆ, ಅಂಗೈ ತಿರುಗಿಸಿ ನೋಡಿಕೊಂಡಳು, ಇನ್ನೂ ಹೋಗಿಲ್ಲ, ಮತ್ತೆ ಒರೆಸಿಕೊಳ್ಳುತ್ತಿದ್ದಾಳೆ